ಗೇಟಿನ ಬಳಿ ಇರುವ ಫೋನ್ ನಂಬರನ್ನು ಬಾಗಿಲಿಗೆ ತರುವ ಬಗ್ಗೆ

ಇಂದ:
ವೀರಯ್ಯ ಬಿನ್ ಲೇಟ್ ಬಸವಯ್ಯ,
ಕಾಫಿ ಪಲ್ಪರ್ ರಿಪೇರಿ ಶೆಡ್,
ಬೆಳಗೋಡು, ಸಕಲೇಶಪುರ ತಾಲ್ಲೂಕು.

ಗೆ:
ಕುಮಾರಿ ನೇತ್ರಾವತಿ, ಮಾಲೀಕರು,
ನೇತ್ರಾ ಕಂಪ್ಯೂಟರ್ ಸೆಂಟರ್,
ಬೇಕರಿ ಮೇಲಿನ ಮಹಡಿ, ಸಕಲೇಶಪುರ.

ದಿನಾಂಕ: 22-1-2007

ವಿಷಯ: ಅರ್ಜಿದಾರರ ವೆಬ್‌ಸೈಟಿನ ಐದನೇ ಪುಟದಲ್ಲಿರುವ ಫೋನ್ ನಂಬರನ್ನು ಒಂದನೇ ಪುಟದ ನೆತ್ತಿಗೆ ತರುವುದು, ಮತ್ತು ಇತರೆ ಒಂದು ವಿಷಯ.

ಉಲ್ಲೇಖ: 1) ಅಕ್ಟೋಬರಿನಲ್ಲಿ ತಾವು ಬರೆದು ತೋರಿಸಿದ ಒಂದು ಪುಟದ ನಕ್ಷೆ. 2) ಅದರ ಮೇಲೆ ಅರ್ಜಿದಾರರ ಕೈಬರಹದ ಷರಾ. 3) ದಿನಾಂಕ 10-1-2007ರಂದು ತಮ್ಮ ಅಂಗಡಿಯಲ್ಲಿ ಅರ್ಜಿದಾರರು ಆಡಿದ ಮಾತುಗಳು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರಿಕೆ ಮಾಡಿಕೊಳ್ಳುವುದೇನೆಂದರೆ, ಅರ್ಜಿದಾರರಾದ ವೀರಯ್ಯನವರು ಇಪ್ಪತ್ತಾರು ವರ್ಷಗಳಿಂದ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರಗಳನ್ನು ರಿಪೇರಿ ಮಾಡಿಕೊಂಡು ಬಂದಿರುತ್ತಾರೆ. ಯಂತ್ರದ ಸದ್ದು ಕೇಳಿಯೇ ಯಾವ ಬೇರಿಂಗ್ ಹೋಗಿದೆ ಎಂದು ಹೇಳಬಲ್ಲರು. ಮನುಷ್ಯರ ಮಾತನ್ನು ಮಾತ್ರ ಪೂರ್ತಿ ಕೇಳುವ ಅಭ್ಯಾಸವಿಲ್ಲ. ತಾವು ಅವರ ತಮ್ಮನ ಮಗಳೇ ಆದ ಕಾರಣ ಈ ಅಂಶವನ್ನು ಇಲ್ಲಿ ವಿಸ್ತರಿಸಿಲ್ಲ.

1. ಎಸ್ಟೇಟ್ ಆಫೀಸುಗಳಿಗೆಲ್ಲ ಕಂಪ್ಯೂಟರ್ ಬಂದ ಕಾರಣ, ಶೆಡ್ಡಿಗೂ ಒಂದು ವೆಬ್‌ಸೈಟ್ ಬೇಕೆಂದು ಕಳೆದ ಅಕ್ಟೋಬರಿನಲ್ಲಿ ತೀರ್ಮಾನವಾಯಿತು. ತಾವು ಒಂದೇ ಪುಟದ ನಕ್ಷೆ ಬರೆದು ತಂದಿರಿ. ಮೇಲೆ ದಪ್ಪ ಅಕ್ಷರದಲ್ಲಿ ಹೊಸ ಮೊಬೈಲ್ ನಂಬರ್. ಅದರ ಕೆಳಗೆ ‘ಪಲ್ಪರ್ ನಿಂತಿದೆಯೇ? ಫೋನ್ ಮಾಡಿ’. ಅದರ ಕೆಳಗೆ ಶೆಡ್ಡಿಗೆ ಬರುವ ದಾರಿ. ಅಷ್ಟೇ. ಅರ್ಜಿದಾರರು ಅದನ್ನು ಓದಿ ಮುಗಿಸುವ ಮೊದಲೇ ಕೋಪಗೊಂಡರು.

“ಇದೇನೇ ಇದು? ಬಂದೋರ್ನ ಹೊಸ್ಲಲ್ಲೇ ನಿಲ್ಸಿ ಏನ್ ಬೇಕು ಅಂತ ಕೇಳದಾ? ನಮ್ಮನೇಲಿ ಯಾವತ್ತಾರ ಹಂಗೆ ಕೇಳಿದ್ದು ನೋಡಿದ್ದೀಯಾ?”

“ದೊಡ್ಡಪ್ಪ, ಪಲ್ಪರ್ ನಿಂತೋಗಿರೋನು ನೆಂಟಸ್ತನ ಮಾಡಕ್ಕೆ ಬರಲ್ಲ. ಅವನಿಗೆ ನಂಬರ್ ಸಿಕ್ಕಿದ್ರೆ ಸಾಕು.”

“ನಂಬರ್ ಕೊಡದು ಹೋಗುವಾಗ. ಗೇಟ್ ಹತ್ರ.”

ಈ ಕಡೆಯ ಪದ್ಧತಿ ತಮಗೆ ತಿಳಿದದ್ದೇ. ಬಂದವರಿಗೆ ಮೊದಲು ನೀರು, ಆಮೇಲೆ ಊರು ಮನೆ ವಿಚಾರ, ಆಮೇಲೆ ಕಾಫಿ. ಬಂದ ಕೆಲಸದ ಮಾತು ಹೊರಡುವುದು, ಎದ್ದು, ಚಪ್ಪಲಿ ಮೆಟ್ಟಿ, ಗೇಟಿನವರೆಗೆ ನಡೆದ ಮೇಲೆ. ಅರ್ಜಿದಾರರ ತಂದೆ ಬಸವಯ್ಯನವರು ಗೇಟಿಗೆ ಒರಗಿಕೊಂಡೇ ಮೂರು ಮದುವೆ ಕುದುರಿಸಿದ್ದರು. ಆದ್ದರಿಂದ ವೆಬ್‌ಸೈಟೂ ಅದೇ ಕ್ರಮದಲ್ಲಿ ಇರತಕ್ಕದ್ದೆಂದು ಆದೇಶವಾಯಿತು. ತಮ್ಮ ನಕ್ಷೆಯ ಮೇಲೆ ‘ಬೇಡ. ಮರ್ಯಾದೆ ಇಲ್ಲದ ಸೈಟು’ ಎಂದು ಷರಾ ಬರೆದು, ತಾರೀಕು ಹಾಕಿ, ಸಹಿಯೂ ಮಾಡಲಾಯಿತು. ಸಹಿ ಮಾಡಿದ್ದು ತಪ್ಪಾಯಿತೆಂದು ಈಗ ಅನಿಸುತ್ತಿದೆ.

2. ಅದರಂತೆ ಐದು ಪುಟಗಳು ತಯಾರಾದವು. ಒಂದನೇ ಪುಟದಲ್ಲಿ ತಂದೆಯವರ ಫೋಟೋ, ಗೋಡೆಯ ಮೇಲಿರುವಷ್ಟೇ ದೊಡ್ಡದು. ಎರಡರಲ್ಲಿ ‘ಬನ್ನಿ, ಕೂತ್ಕಳಿ’. ಮೂರರಲ್ಲಿ ಯಾವೂರು, ಯಾರ ಪೈಕಿ, ತಂದೆ ಹೆಸರು, ತಾತನ ಹೆಸರು. ಇಷ್ಟೂ ತುಂಬದ ಹೊರತು ಮುಂದಕ್ಕೆ ದಾರಿ ಇಲ್ಲ. ನಾಲ್ಕರಲ್ಲಿ ಕಾಫಿ ಲೋಟದ ಚಿತ್ರ. ಐದರಲ್ಲಿ ‘ಹೋಗಿ ಬನ್ನಿ’, ಅದರ ಪಕ್ಕದಲ್ಲಿ ನಂಬರ್. ಕನ್ನಡ ಅಕ್ಷರ ಕೆಲವು ಕಂಪ್ಯೂಟರಿನಲ್ಲಿ ಚೌಕ ಚೌಕವಾಗಿ ಕಾಣುತ್ತದೆಂದು ತಾವು ಹೇಳಿದ ಕಾರಣ ಬರಹವನ್ನೆಲ್ಲ ಚಿತ್ರವಾಗಿಯೇ ಮಾಡಿಸಲಾಯಿತು. ಚಿತ್ರ ನಿಧಾನಕ್ಕೆ ಇಳಿಯುತ್ತದೆ ಎಂದೂ ತಾವು ಹೇಳಿದ್ದಿರಿ. ಅಷ್ಟು ಹೊತ್ತಿಗೆ ಅರ್ಜಿದಾರರು ಮೆಟ್ಟಿಲು ಇಳಿದಾಗಿತ್ತು.

ಇಷ್ಟು ಸಾಲದೆಂಬಂತೆ, ಪ್ರತಿ ವರ್ಷ ಎಸ್ಟೇಟುಗಳಿಗೆ ಹಂಚುವ ಕ್ಯಾಲೆಂಡರಿನಲ್ಲಿ ಈ ಸಲ ಫೋನ್ ನಂಬರ್ ತೆಗೆಸಿ ವೆಬ್‌ಸೈಟ್ ವಿಳಾಸ ಒಂದನ್ನೇ ಅಚ್ಚು ಹಾಕಿಸಲಾಯಿತು. ಈ ಸಲಹೆ ಕೊಟ್ಟವರು ಯಾರೂ ಇಲ್ಲ. ಅರ್ಜಿದಾರರಿಗೆ ತಾನಾಗಿಯೇ ಹೊಳೆಯಿತು.

3. ದಿನಾಂಕ 9ರಂದು ಕೆ. ಹೊಸಕೋಟೆ ಕಡೆಯ ಒಂದು ಎಸ್ಟೇಟಿನಲ್ಲಿ ಮಧ್ಯಾಹ್ನವೇ ಪಲ್ಪರ್ ನಿಂತುಹೋಯಿತು. ಕಿತ್ತ ಹಣ್ಣನ್ನು ಅಂದೇ ಯಂತ್ರಕ್ಕೆ ಹಾಕದಿದ್ದರೆ ಹುಳಿ ಬಂದು ಹಾಳಾಗುತ್ತದೆ. ಅಲ್ಲಿನ ಲೆಕ್ಕಪತ್ರ ನೋಡುವ ರೈಟರ್ ಯೋಗೇಶ್ ಕ್ಯಾಲೆಂಡರ್ ನೋಡಿ ವೆಬ್‌ಸೈಟ್ ತೆರೆದರು. ಮೊದಲು ತಂದೆಯವರ ಪೇಟ ಬಂತು. ಸ್ವಲ್ಪ ಹೊತ್ತಿಗೆ ಹಣೆ, ವಿಭೂತಿ. ಮೀಸೆ ಬರುವಷ್ಟರಲ್ಲಿ ಲೈನ್ ಕಟ್ಟಾಯಿತು. ಮತ್ತೆ ಪೇಟದಿಂದ ಶುರು. ಹೀಗೆ ಮೂರು ಸಲ ಪೇಟ ನೋಡಿ, ನಾಲ್ಕನೇ ಸಲ ಮೂರನೇ ಪುಟ ಮುಟ್ಟಿ, ಅಲ್ಲಿ ಕೇಳಿದ್ದನ್ನು ಓದಿ, ಕುರ್ಚಿ ಒದ್ದು, ಜೀಪ್ ಹತ್ತಿ ಬೆಳಗೋಡಿಗೇ ಬಂದರು.

“ವೀರಯ್ಯನೋರೇ, ಹಣ್ಣು ರಾಶಿ ಬಿದ್ದೈತೆ, ನಿಮ್ ಸೈಟು ನಮ್ ತಾತನ ಹೆಸ್ರು ಕೇಳ್ತಾ ಕೂತೈತೆ. ನಮ್ ತಾತ ಬಂದು ರಿಪೇರಿ ಮಾಡ್ತಾನೇನ್ರೀ?”

ಅರ್ಜಿದಾರರ ಧರ್ಮಪತ್ನಿ ನಾಗರತ್ನಮ್ಮನವರು ನೀರು ತಂದರು. ಯೋಗೇಶ್ ಕುಡಿಯಲಿಲ್ಲ. ಈ ಮನೆಯಲ್ಲಿ ನೀರು ಕುಡಿಯದೆ ಹೋದವರಲ್ಲಿ ಅವರೇ ಮೊದಲಿಗರು.

4. ಅರ್ಜಿದಾರರು ಅದೇ ಜೀಪಿನಲ್ಲಿ ಎಸ್ಟೇಟಿಗೆ ಹೋಗಿ ಯಂತ್ರವನ್ನು ಅಂದೇ ರಿಪೇರಿ ಮಾಡಿದರು, ಹಣ್ಣು ಉಳಿಯಿತು. ಅರ್ಜಿದಾರರು ಹೊರಟಾಗ ಯೋಗೇಶ್ ಗೇಟಿನವರೆಗೂ ಬಂದರು. “ನಿಮ್ ಕೈ ಚೆನ್ನಾಗೈತೆ, ಸೈಟು ಸರಿ ಇಲ್ಲ. ನಮ್ ಎಸ್ಟೇಟ್ ಕಾಫಿಗೂ ಒಂದು ಸೈಟ್ ಮಾಡ್ಸನ ಅಂತಿದ್ರು ಧಣಿಗಳು. ನಿಮ್ದು ಹಿಂಗೆ ಮಾಡಿದ್ಯಾರು ಮಾರಾಯ್ರೇ?” ಎಂದು ಕೇಳಿದರು.

ಇಲ್ಲಿ ಅರ್ಜಿದಾರರು ಸತ್ಯ ಹೇಳಬೇಕಾಗಿತ್ತು. “ಪೇಟೆ ಬೇಕರಿ ಮೇಲಿನ ಕಂಪ್ಯೂಟರ್ ಸೆಂಟರ್‌ನೋರು” ಎಂದರು. ಯೋಗೇಶ್, “ಹಂಗಾರೆ ಅಲ್ಲಿ ಬೇಡ ಬಿಡಿ” ಎಂದರು. ಅರ್ಜಿದಾರರು ಜೀಪ್ ಹತ್ತಿದರು.

5. ಮರುದಿನ ಬೆಳಿಗ್ಗೆ ಅರ್ಜಿದಾರರು ತಮ್ಮ ಅಂಗಡಿಗೆ ಬಂದು, ಟೈಪಿಂಗ್ ಕಲಿಯುವವರೆಲ್ಲರ ಎದುರಿಗೆ, “ನಿನ್ ಸೈಟಿಂದ ನನ್ ಮಾನ ಹೋಯ್ತು” ಎಂದು ಕೂಗಾಡಿದರು. ತಾವು ಡ್ರಾಯರ್ ಎಳೆದು, ಹಳೆಯ ನಕ್ಷೆಯನ್ನು ತೆಗೆದು, ಷರಾ ಇರುವ ಭಾಗ ಮೇಲೆ ಬರುವಂತೆ ಮಡಚಿ ಅರ್ಜಿದಾರರ ಕೈಗೆ ಕೊಟ್ಟಿರಿ. ಸಹಿ ಅರ್ಜಿದಾರರದೇ ಆಗಿತ್ತು. ಆ ಕಾರಣಕ್ಕೇ, “ಇನ್ನು ಈ ಮೆಟ್ಲು ಹತ್ತಿದ್ರೆ ಕೇಳು” ಎಂದು ಹೇಳಿ ಇಳಿದುಬಂದರು.

6. ಪ್ರತಿ ಸಂಕ್ರಾಂತಿಗೆ ಮನೆಗೆ ಎಳ್ಳುಬೆಲ್ಲ ತರುವವರು ತಾವು. ಈ ಸಂಕ್ರಾಂತಿಗೆ ಬರಲಿಲ್ಲ. ನಾಗರತ್ನಮ್ಮನವರು ತಮಗೆಂದು ತೆಗೆದಿಟ್ಟ ಡಬ್ಬಿ ಅಡುಗೆಮನೆಯಲ್ಲಿ ಹಾಗೇ ಇದೆ. ಅರ್ಜಿದಾರರು ಒಳಗೆ ಹೋದಾಗಲೆಲ್ಲ ಕಣ್ಣಿಗೆ ಬೀಳುವ ಜಾಗದಲ್ಲಿ ಅದನ್ನು ಇಡಲಾಗಿದೆ.

“ಹೋಗಿ ಆ ಹುಡುಗಿ ಹತ್ರ ಮಾತಾಡ್ಬಾರ್ದಾ?”

“ಮೆಟ್ಲು ಹತ್ತಲ್ಲ ಅಂದ್ಬುಟ್ಟಿದ್ದೀನಿ ಕಣೇ.”

“ಹಂಗಾರೆ ಕೆಳಗೆ ನಿಂತ್ಕಂಡು ಅರ್ಜಿ ಹಾಕಳಿ.”

ಪ್ರಸ್ತುತ ಅರ್ಜಿಗೆ ಇದೇ ಮೂಲ.

7. ಮೊನ್ನೆ ಶನಿವಾರ ಅರ್ಜಿದಾರರು ಮೂರು ಬಸ್ಸು ಬದಲಿಸಿ ಕೆ. ಹೊಸಕೋಟೆಗೆ ಹೋಗಿ, ಸದರಿ ನಕ್ಷೆಯನ್ನು ಷರಾ ಸಮೇತ ಯೋಗೇಶರ ಮೇಜಿನ ಮೇಲೆ ಇಟ್ಟು, “ಆ ಹುಡುಗಿ ಮಾಡಿದ್ದು ಇದು. ಹಾಳ್ ಮಾಡಿದ್ದು ನಾನು” ಎಂದು ಹೇಳಿರುತ್ತಾರೆ. ಯೋಗೇಶ್ ನಕ್ಷೆಯನ್ನು ಅರ್ಧ ನಿಮಿಷ ನೋಡಿ, “ನಮಗೂ ಹಿಂಗೇ ಬೇಕು” ಎಂದರು. ನಂತರ ಒಂದು ಕಾಗದ ಬರೆದುಕೊಟ್ಟರು. ಷರಾ ಓದಿ ಅವರು ನಕ್ಕಿದ್ದು ಜಾಸ್ತಿಯಾಯಿತು ಎಂಬುದು ಅರ್ಜಿದಾರರ ಅಭಿಪ್ರಾಯ.

8. ಪುಟದ ಕೆಳಗೆ ಓಡುವ ಲೆಕ್ಕದ ಪ್ರಕಾರ ಇದುವರೆಗೆ ಇನ್ನೂರ ಹನ್ನೆರಡು ಜನ ಸೈಟಿಗೆ ಬಂದಿರುತ್ತಾರೆ. ಅದರಲ್ಲಿ ನೂರ ಎಂಬತ್ತು ಸಲ ಬಂದವರು ಅರ್ಜಿದಾರರೇ. ಬೆಳಗೋಡಿನ ಒಂದು ಆಫೀಸಿನ ಕಂಪ್ಯೂಟರಿನಲ್ಲಿ ತಂದೆಯವರನ್ನು ನೋಡಲು ಹೋಗುತ್ತಿದ್ದರು.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ತಮ್ಮ ಮೊದಲ ನಕ್ಷೆಯನ್ನೇ ಜಾರಿಗೆ ತರಬೇಕು. ನಂಬರ್ ನೆತ್ತಿಯ ಮೇಲಿರಲಿ. ತಾತನ ಹೆಸರು ಕೇಳುವುದು ಬೇಡ. ತಂದೆಯವರ ಫೋಟೋ ಅಂಚೆಚೀಟಿಯಷ್ಟಾದರೂ ಸಾಕು, ಆದರೆ ಮೀಸೆ ಪೂರ್ತಿ ಬರಬೇಕು. ತೀರಾ ಕೊನೆಯಲ್ಲಿ ‘ಹೋಗಿ ಬನ್ನಿ’ ಎಂಬುದನ್ನು ಮಾತ್ರ ಉಳಿಸಬೇಕು. ಕೆಲಸ ಆದವರಿಗೂ ಅದನ್ನು ಹೇಳಬೇಕಾಗುತ್ತದೆ.

ವಿಷಯದಲ್ಲಿ ಕಾಣಿಸಿದ ‘ಇತರೆ ಒಂದು ವಿಷಯ’ ಏನೆಂದರೆ, ದಿನಾಂಕ 10ರ ಮಾತುಗಳನ್ನು ಅರ್ಜಿದಾರರು ಈ ಮೂಲಕ ಬೇಷರತ್ತಾಗಿ ಹಿಂಪಡೆದಿರುತ್ತಾರೆ. ಟೈಪಿಂಗ್ ಕಲಿಯುವವರಿಗೂ ಓದಿ ಹೇಳಬಹುದು. ಬರುವ ಭಾನುವಾರ ತಾವು ಬೆಳಗೋಡಿನ ಮನೆಗೆ ಸ್ಥಳ ಪರಿಶೀಲನೆಗೆ ಬರಬೇಕು. ಕಡುಬು ಮಾಡಲಾಗುವುದು.

ತಮ್ಮ ವಿಶ್ವಾಸಿ ಹಾಗೂ ದೊಡ್ಡಪ್ಪ,
(ಸಹಿ) ವೀರಯ್ಯ

ಲಗತ್ತುಗಳು:
1. ತಮ್ಮ ನಕ್ಷೆ, ಷರಾ ಸಮೇತ. ಷರಾ ಹೊಡೆದುಹಾಕಲಾಗಿದೆ, ಸಹಿ ಮಾಡಿಲ್ಲ.
2. ಎಸ್ಟೇಟ್ ವೆಬ್‌ಸೈಟ್ ಕೆಲಸವನ್ನು ತಮಗೆ ಒಪ್ಪಿಸಿ ರೈಟರ್ ಯೋಗೇಶ್ ಬರೆದ ಕಾಗದ.
3. ಎಳ್ಳುಬೆಲ್ಲದ ಡಬ್ಬಿ. ಡಬ್ಬಿ ವಾಪಸ್ ಬೇಕೆಂದು ನಾಗರತ್ನಮ್ಮನವರು ತಿಳಿಸಿರುತ್ತಾರೆ.

ವಿ.ಸೂ.: ಅರ್ಜಿಯನ್ನು ನಾಗರತ್ನಮ್ಮನವರು ಮೇಲಕ್ಕೆ ತರುತ್ತಿದ್ದಾರೆ. ಅರ್ಜಿದಾರರು ಮೆಟ್ಟಿಲ ಬುಡದಲ್ಲಿ, ಬೇಕರಿಯ ಮುಂದೆ ನಿಂತಿರುತ್ತಾರೆ. ಬೇಕರಿಯವನು ಈಗಾಗಲೇ ಎರಡು ಸಲ ಏನು ಬೇಕು ಎಂದು ಕೇಳಿರುತ್ತಾನೆ. ಕಾರಣ, ತಮ್ಮ ಆದೇಶವನ್ನು ಕಿಟಕಿಯಿಂದಲೇ ಕೂಗಿ ತಿಳಿಸಬೇಕಾಗಿ ವಿನಂತಿ.