ಒಂಬತ್ತನೇ ನಂಬರಿನ ಕಲ್ಲು

ಏನು ಓದುತ್ತಿದ್ದೀಯಾ ಎಂದು ಕೇಳಿದರೆ ಒಂದೇ ಮಾತಿನಲ್ಲಿ ಉತ್ತರ ಹೇಳಿ ಮುಗಿಸುವವರನ್ನು ಕಂಡರೆ ನನಗೆ ಈಗಲೂ ಹೊಟ್ಟೆಕಿಚ್ಚು. ನರ್ಸಿಂಗ್ ಅಂದರೆ ಮುಗಿಯಿತು, ಇಂಜಿನಿಯರಿಂಗ್ ಅಂದರೂ ಮುಗಿಯಿತು. ನಾನು ಬಿಎಸ್ಸಿಯಲ್ಲಿ ಭೂವಿಜ್ಞಾನ ತೆಗೆದುಕೊಂಡವನು. ಹಾಗೆಂದರೇನು ಎಂದವರಿಗೆ ಭೂಮಿ ಹುಟ್ಟಿದಲ್ಲಿಂದ ಶುರುಮಾಡಿ ವಿವರಿಸುತ್ತಿದ್ದೆ. ಅವರು ತಾಳ್ಮೆಯಿಂದ ಎಲ್ಲ ಕೇಳಿ, "ಓ, ಕಲ್ಲ್ ಒಡುದಾ?" ಎನ್ನುತ್ತಿದ್ದರು. ಮುಂಬೈಯಲ್ಲಿ ಹೋಟೆಲು ನಡೆಸಿ, ಯಡ್ತರೆಗೆ ವಾಪಸಾಗಿ ಮನೆ ಕಟ್ಟಿಸುತ್ತಿದ್ದ ನನ್ನ ಮಾವ ಮಾತ್ರ ಈ ವಿದ್ಯೆಗೆ ಮರ್ಯಾದೆ ಕೊಟ್ಟು, "ಬಾವಿಗೊಂದ್ ಜಾಗ ತೋರ್ಸ್ ಮಗಾ" ಎಂದರು. ಎರಡು ಗಂಟೆ ಬಿಸಿಲಿನಲ್ಲಿ ಅಡ್ಡಾಡಿ, ಮಣ್ಣು ತಿಕ್ಕಿ ನೋಡಿ, ದಿಕ್ಸೂಚಿ ತಿರುಗಿಸಿ ಒಂದು ಜಾಗ ತೋರಿಸಿದೆ. ಮಾವ ಗಂಭೀರವಾಗಿ ತಲೆದೂಗಿದರು. ಮರುದಿನ ತೆಂಗಿನಕಾಯಿ ಅಂಗೈಯಲ್ಲಿಟ್ಟುಕೊಂಡು ನೀರು ನೋಡುವವರೊಬ್ಬರನ್ನು ಕರೆಸಿ, ಅವರು ಹೇಳಿದ ಕಡೆ ಅಗೆಸಿದರು. ನೀರೂ ಸಿಕ್ಕಿತು. ನಾನು ತೋರಿಸಿದ ಜಾಗದಲ್ಲಿ ಈಗ ಕಾರು ನಿಲ್ಲಿಸುತ್ತಾರೆ. ಕಾರಿಗೂ ಗಟ್ಟಿ ನೆಲ ಬೇಕಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೇನೆ.

ಹೇಳಹೊರಟದ್ದು ಬಾವಿಯ ಕತೆಯಲ್ಲ, ನನ್ನ ಕೊನೆಯ ವರ್ಷದ ಪ್ರಾಕ್ಟಿಕಲ್ ಪರೀಕ್ಷೆಯ ಕತೆ. ಪ್ರತಿಯೊಬ್ಬನೂ ಸ್ವಂತವಾಗಿ ಹದಿನೈದು ಬಗೆಯ ಕಲ್ಲು ಸಂಗ್ರಹಿಸಿ, ಪ್ರತಿ ಕಲ್ಲಿನ ಮೇಲೂ ಬಿಳಿ ಬಣ್ಣದ ಬೊಟ್ಟಿಟ್ಟು ಅದರಲ್ಲಿ ನಂಬರು ಬರೆದು, ಎಲ್ಲಿ ಸಿಕ್ಕಿತೆಂದು ಪುಸ್ತಕದಲ್ಲಿ ದಾಖಲಿಸಿ ಪರೀಕ್ಷಕರ ಮುಂದಿಡಬೇಕಿತ್ತು. ಬರೆಯುವ ಪರೀಕ್ಷೆಯಲ್ಲಿ ನನ್ನ ಅವಸ್ಥೆ ಅಷ್ಟಕ್ಕಷ್ಟೇ. ಈ ಕಲ್ಲುಗಳೇ ನನ್ನನ್ನು ದಡ ಸೇರಿಸಬೇಕಿತ್ತು. ಅದರಲ್ಲೂ ಒಂಬತ್ತನೇ ನಂಬರಿನದು ನನ್ನ ಹೆಮ್ಮೆ. ಬ್ರಹ್ಮಾವರದಾಚೆಯ ಒಂದು ಕಲ್ಲುಕೋರೆಯಲ್ಲಿ ಸಿಕ್ಕಿದ ಡಾಲರೈಟ್ ಎಂಬ ಕರಿಕಲ್ಲು, ಎರಡು ಮುಷ್ಟಿ ಗಾತ್ರದ್ದು. ಅರ್ಧ ದಿನ ಕೂತು ಸುತ್ತಿಗೆಯಲ್ಲಿ ಅದರ ಮೂಲೆಗಳನ್ನು ತಿದ್ದಿದ್ದೆ. ಅಂಗೈಯಲ್ಲಿ ಬೊಬ್ಬೆ ಎದ್ದದ್ದನ್ನು ಕ್ಲಾಸಿನವರಿಗೆಲ್ಲ ತೋರಿಸಿಕೊಂಡು ತಿರುಗಿದ್ದೂ ಉಂಟು.

ಪರೀಕ್ಷೆಗೆ ಮುಂಚಿನ ರಜೆಗೆ ಈ ಕಲ್ಲುಗಳ ಚೀಲವನ್ನು ಹೊತ್ತು ಮನೆಗೆ ಬಂದೆ. ನಾಲ್ಕು ದಿನ ಬಿಟ್ಟು ಬಿಚ್ಚಿ ಎಣಿಸಿದರೆ ಹದಿನಾಲ್ಕೇ ಇದ್ದವು. ಮಂಚದಡಿ, ಜಗಲಿ, ಕೊಟ್ಟಿಗೆ ಎಲ್ಲ ಜಾಲಾಡಿ ಕೊನೆಗೆ ಅಮ್ಮಮ್ಮನನ್ನು ಕೇಳಿದೆ.

"ಆ ಕರಿಕಲ್ಲಾ? ಭರ್ಣಿಗ್ ಹಾಕ್ದೆ. ಒಳ್ಳೆ ಭಾರ ಇತ್ತ್ ಮಗಾ. ಯಾರೋ ಅದ್ಕ್ ಬಿಳಿ ಬಣ್ಣ ಮೆತ್ತಿದ್ರ್, ನಾರಲ್ಲ್ ತಿಕ್ಕಿ ತಿಕ್ಕಿ ತೆಗ್ದೆ."

ನಮ್ಮಲ್ಲಿ ಬೇಸಿಗೆಯಲ್ಲಿ ಕಾಟು, ಅಂದರೆ ಕಾಡು ಮಾವಿನಕಾಯಿಯನ್ನು ಭರಣಿಯಲ್ಲಿ ಉಪ್ಪಿಗೆ ಹಾಕಿ, ತೇಲದಂತೆ ಮೇಲೊಂದು ಕಲ್ಲು ಹೇರಿ, ಬಾಯಿಗೆ ಬಟ್ಟೆ ಬಿಗಿದು ಮೂಲೆಗಿಡುತ್ತಾರೆ. ಮಳೆಗಾಲದಲ್ಲಿ ಮೀನು ಸಿಗದ ದಿನಗಳಿಗೆಲ್ಲ ಅದೇ ಗತಿ. ನನ್ನ ಡಿಗ್ರಿ ಅಮ್ಮಮ್ಮನ ಉಪ್ಪುನೀರಿನಲ್ಲಿ ಮುಳುಗಿ ಕೂತಿತ್ತು. ಪರೀಕ್ಷೆ, ಮಾರ್ಕು, ಭವಿಷ್ಯ ಎಂದೆಲ್ಲ ಗೋಗರೆದೆ.

"ಮಳಿ ಹಿಡುವಲ್ಲಿವರಿಗೆ ಭರ್ಣಿ ಬಾಯಿ ಬಿಡ್ಸುಕಾಗ" ಎಂದರು ಅಮ್ಮಮ್ಮ. "ನಿಂಗ್ ಕಲ್ಲಿಗ್ ಬರವಾ? ಮರವಂತೆಗ್ ಹೋಗ್. ಸಮುದ್ರಕ್ಕೆ ಹಾಕಿದ್ದ್ ರಾಶಿ ಇತ್ತ್."

ಕಡಲ್ಕೊರೆತಕ್ಕೆ ಹಾಕಿದ ಆನೆಗಾತ್ರದ ಬಂಡೆಗಳನ್ನು ಚೀಲಕ್ಕೆ ತುಂಬಿಕೊಳ್ಳುವ ಉಪಾಯವನ್ನು ಅವರು ಹೇಳಲಿಲ್ಲ. ಮರುದಿನ ಅಮ್ಮಮ್ಮ ಸೀಮಂತದ ಊಟಕ್ಕೆಂದು ತ್ರಾಸಿಗೆ ಹೋದರು. ನಾನು ಭರಣಿಯ ಬಟ್ಟೆ ಬಿಚ್ಚಿ, ಕರಿಕಲ್ಲನ್ನು ಎತ್ತಿಕೊಂಡು, ಬರೀ ಒರೆಸಿ, ಮತ್ತೆ ಬಿಳಿ ಬೊಟ್ಟಿಟ್ಟು ಒಂಬತ್ತು ಎಂದು ಬರೆದೆ. ಅಮ್ಮಮ್ಮನಿಗೆ ಮೋಸವಾಗಬಾರದೆಂದು ಬಾಗಲಕೋಟೆ ಪ್ರವಾಸದಲ್ಲಿ ತಂದಿದ್ದ, ಹದಿನೈದರ ಲೆಕ್ಕದ ಹೊರಗೆ ಹೆಚ್ಚಿಗೆ ಇದ್ದ ನುಣುಪಾದ ಬೂದು ಕಲ್ಲನ್ನು ತೊಳೆದು, ಒರೆಸಿ ಅದೇ ಜಾಗದಲ್ಲಿ ಇಟ್ಟೆ. ಬಟ್ಟೆಗೆ ನನಗೆ ಬರುವ ಒಂದೇ ಗಂಟು, ಬೂಟಿನ ಗಂಟು, ಹಾಕಿದೆ. ಸಂಜೆಯ ಬಸ್ಸು ಹತ್ತುವಾಗ ನನ್ನ ಬುದ್ಧಿವಂತಿಕೆಗೆ ನಾನೇ ಮಾರುಹೋಗಿದ್ದೆ.

ಪರೀಕ್ಷಕರು ಬೇರೆ ಕಾಲೇಜಿನವರು, ಮಾತು ಕಡಿಮೆ. ಒಂದೊಂದೇ ಕಲ್ಲು ನೋಡುತ್ತ ಒಂಬತ್ತಕ್ಕೆ ಬಂದರು. ಕಲ್ಲು ಒದ್ದೆಯಾದರೆ ಅದರ ಕಣಗಳು ಚೆನ್ನಾಗಿ ಕಾಣುತ್ತವೆ. ಗುಡ್ಡದ ಮೇಲೆ ನೀರೆಲ್ಲಿ ಹುಡುಕುವುದು? ಹಾಗಾಗಿ ಈ ಕಸುಬಿನವರಿಗೆ ಕಲ್ಲನ್ನು ನಾಲಿಗೆಯಿಂದ ನೆಕ್ಕುವ ಅಭ್ಯಾಸ. ಅವರೂ ನೆಕ್ಕಿದರು. ನಿಂತರು. ನನ್ನನ್ನು ನೋಡಿ ಇನ್ನೊಮ್ಮೆ ನೆಕ್ಕಿದರು.

"ಡಾಲರೈಟಿಗೆ ಉಪ್ಪು ಎಲ್ಲಿಂದ ಬಂತು?"

ಸಮುದ್ರದ ದಂಡೆಯಲ್ಲಿ ಸಿಕ್ಕಿತು ಎನ್ನೋಣವೆಂದರೆ ಪುಸ್ತಕದಲ್ಲಿ ಕೋರೆಯ ಹೆಸರು ಬರೆದಾಗಿದೆ. ಮೂರು ವರ್ಷದ ಓದು ಇಲ್ಲಿಗೆ ಮುಗಿಯಿತೆಂದೇ ಅನ್ನಿಸಿತು.

"ಯಾವೂರು?"

"ಬೈಂದೂರು ಹತ್ತಿರ, ಯಡ್ತರೆ ಸಾರ್."

ಅವರ ಮುಖವೇ ಬದಲಾಯಿತು. "ಹ್ವಾಯ್, ಇದ್ ಭರ್ಣಿ ಕಲ್ಲನಾ?" ಎಂದರು. ಕುಂದಾಪುರದವರೇ! ಜೀವ ಬಂದಂತಾಗಿ ಇದ್ದದ್ದನ್ನೆಲ್ಲ ಹೇಳಿಬಿಟ್ಟೆ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. "ಮತ್ತೆ ಮಾವಿನ್‌ಕಾಯಿಗ್ ಎಂತ ಕಲ್ಲ್ ಇಟ್ಟ್ ಬಂದೆ ಮಾರಾಯಾ?"

"ಸುಣ್ಣದ ಕಲ್ಲು ಸಾರ್" ಎಂದೆ ಹೆಮ್ಮೆಯಿಂದ.

ನಗು ನಿಂತಿತು. "ಸುಣ್ಣದ ಕಲ್ಲಿಗೆ ಆಮ್ಲ ತಾಗಿದರೆ ಏನಾಗುತ್ತದೆ?" ಎಂದು ಶುದ್ಧ ಪರೀಕ್ಷೆಯ ಭಾಷೆಯಲ್ಲಿ ಕೇಳಿದರು. ಇದು ಮೊದಲನೇ ವರ್ಷದ ಪಾಠ. ಗುಳ್ಳೆ ಏಳುತ್ತದೆ, ಕಲ್ಲು ಕರಗುತ್ತದೆ, ಆಮ್ಲದ ಹುಳಿ ಇಂಗುತ್ತದೆ ಎಂದು ಗಿಳಿಪಾಠ ಒಪ್ಪಿಸಿದೆ.

"ಮಾವಿನ್‌ಕಾಯಿ ಹ್ಯಾಂಗಿರತ್ತ್?"

"ಹುಳಿ..." ಎನ್ನುವಾಗಲೇ ನನಗೆ ಅಮ್ಮಮ್ಮನ ಭರಣಿ ನೆನಪಾಯಿತು.

ಅವರು ಹಾಳೆಯಲ್ಲಿ ಏನೋ ಬರೆದು, "ಉತ್ತರ ಸರಿ ಇತ್ತ್. ಪೂರ್ತಿ ಮಾರ್ಕ್ ಕೊಟ್ಟಿದೆ. ಬೇಗ ಮನಿಗ್ ಫೋನ್ ಮಾಡ್" ಎಂದರು.

ಮಾಡಿದೆ. ನನ್ನಿಂದಾಗಿ ಮನೆಯವರಿಗೆಲ್ಲ ಇಡೀ ಮಳೆಗಾಲದ ಮಾವಿನಕಾಯಿ ಇಲ್ಲವಾಯಿತಲ್ಲ ಎಂದು ನಿಜಕ್ಕೂ ಅಳು ಬರುವಂತಾಗಿತ್ತು.

"ಆ ಬೂದಿ ಕಲ್ಲಾ? ನೀ ಬಸ್ ಹತ್ತಿದ್ ದಿನವೇ ತೆಗ್ದೆ" ಎಂದರು ಅಮ್ಮಮ್ಮ. "ಗಂಟ್ ಕಂಡೇ ಗೊತ್ತಾಯ್ತ್ ನಿನ್ ಕೆಲ್ಸ ಅಂದೇಳಿ. ಬಿಡ್ಸಿ ಕಂಡ್ರೆ ಕಲ್ಲಿನ್ ಸುತ್ತ ಗುಳ್ಳಿ. ಸುಣ್ಣದ್ ಕಲ್ಲ್ ಅಲ್ದಾ ಅದ್? ಯಾರಾರೂ ಹುಳಿಗ್ ಹಾಕ್ತ್ರಾ? ಮೇಲಿನ್ ನಾಲ್ಕ್ ಕಾಯಿ ಹೋಯ್ತ್, ಉಳ್ದದ್ದ್ ಅಡ್ಡಿಲ್ಲೆ. ನಿಂದ್ ಪರೀಕ್ಷಿ ಎಂತಾಯ್ತ್?"

ಕಲ್ಲುಗಳಲ್ಲಿ ಪೂರ್ತಿ ಮಾರ್ಕು ಬಂತು ಎಂದೆ. "ಕಲ್ಲಿಗಾ?" ಎಂದು ಅಮ್ಮಮ್ಮ ಇನ್ನೊಮ್ಮೆ ಕೇಳಿದರು.

ಈಗ ನಾನೇ ಒಂದು ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡುತ್ತೇನೆ. ಯಾವ ಕಲ್ಲು ಯಾವುದಕ್ಕೆ ಆಗುತ್ತದೆ ಎಂದು ಸರ್ಕಾರದ ಇಲಾಖೆಯವರೂ ಒಮ್ಮೊಮ್ಮೆ ಫೋನು ಮಾಡಿ ಕೇಳುವುದುಂಟು. ಆದರೆ ಬೇಸಿಗೆ ರಜೆಗೆ ಊರಿಗೆ ಹೋದಾಗ, ಭರಣಿ ತುಂಬುವ ದಿನ ಅಮ್ಮಮ್ಮ ನನ್ನನ್ನು ನೆನಪಿಟ್ಟು ಉಪ್ಪು ತರಲು ಬೈಂದೂರಿಗೆ ಕಳುಹಿಸುತ್ತಾರೆ. ನಾನು ಬರುವಷ್ಟರಲ್ಲಿ ಕಲ್ಲು ಆರಿಸಿ ಆಗಿರುತ್ತದೆ. ಆರಿಸುವುದು ಬ್ಯಾಂಕಿನಲ್ಲಿ ಕೆಲಸ ಮಾಡುವ ನನ್ನ ತಂಗಿ.