ಪ್ರಿಂಟರಿನಲ್ಲಿ ಹುಟ್ಟಿದ ಸಕ್ಕರೆ ಆನೆ

ಈ ಸಲದ ಗೌರಿ ಹುಣ್ಣಿಮೆಗೆ ಬೀಗರು ಮೂಗಿನ ಮೇಲೆ ಬೆರಳಿಡಬೇಕು, ಹಾಗೆ ಮಾಡುತ್ತೇನೆ ಎಂದು ಪಣ ತೊಟ್ಟವನು ನಾನೇ! ಮಗ ಚೇತನನ ನಿಶ್ಚಿತಾರ್ಥವಾಗಿದೆ. ಹುಡುಗಿ ಸಾಕ್ಷಿ ಖಾನಾಪುರದವಳು. ಹುಣ್ಣಿಮೆಗೆ ಗಂಡಿನ ಕಡೆಯವರು ಅವಳಿಗೆ ಸಕ್ಕರೆ ಗೊಂಬೆಗಳ ಆರತಿ ಒಯ್ಯಬೇಕು. ನಾನೋ, ಪಾಲಿಟೆಕ್ನಿಕ್ಕಿನಲ್ಲಿ ಡ್ರಾಯಿಂಗ್ ಕಲಿಸಿ ಸವೆದವನು, ಆಗಷ್ಟೇ ತ್ರೀಡಿ ಪ್ರಿಂಟರಿನ ಐದು ದಿನದ ತರಬೇತಿ ಮುಗಿಸಿದ್ದೆ. ವಿಷಯ: ಆಹಾರ, ಆಕಾರ ಮತ್ತು ಪಂಚೇಂದ್ರಿಯಗಳು. ಕೊನೆಯ ಅಭ್ಯಾಸ, ಯಾವುದಾದರೂ ತಿನಿಸಿಗೆ ಅಚ್ಚು ಮಾಡಿ ತೋರಿಸುವುದು. ಇನ್ನೇನು, ಗೊಂಬೆಯ ಅಚ್ಚುಗಳನ್ನೇ ಪ್ರಿಂಟ್ ಮಾಡುತ್ತೇನೆಂದು ಮನೆಯಲ್ಲಿದ್ದ ಹಳೆಯ ಸಾಗವಾನಿ ಅಚ್ಚುಗಳನ್ನು ಅನಗೋಳದ ತಂಗಿಗೆ ಧಾರಾಳವಾಗಿ ಕೊಟ್ಟುಬಿಟ್ಟೆ.

"ಆ ಪ್ರಿಂಟರಿನ ಪ್ಲಾಸ್ಟಿಕ್ ಯಾತರದ್ರಿ?" ಎಂದಳು ಹೆಂಡತಿ ಗಂಗಾದೇವಿ.

"ಗೊಂಜಾಳದ್ದು, ಮೆಕ್ಕೆಜೋಳ. ಶುದ್ಧ."

"ಕುದಿಯೂ ಪಾಕ ಹಾಕಿದ್ರ ತಡೀತೈತೇನು?"

"ಅದು ವಿಜ್ಞಾನ. ಸುಮ್ನ ಕುಂದ್ರು."

ಆನೆಯ ಅಚ್ಚಿಗೆ ಹನ್ನೊಂದು ತಾಸು, ನವಿಲಿನದಕ್ಕೆ ಒಂಬತ್ತು. ನಾಲ್ಕು ದಿನ ಯಂತ್ರದ ಮುಂದೆ ಕೂತು ನನ್ನ ಸೊಂಟವೇ ಅಚ್ಚಾಯಿತು. ಹುಣ್ಣಿಮೆಯ ಬೆಳಿಗ್ಗೆ ಪಾಕ ಹೊಯ್ದೆ. ವಿಜ್ಞಾನ ಬಳುಕಿತು. ಅಚ್ಚು ಮೆತ್ತಗಾಗಿ ಆನೆ ಮೊಣಕಾಲೂರಿತು, ನವಿಲು ಕೋಳಿಯಾಯಿತು, ಗೋಪುರ ಸುಸ್ತಾಗಿ ಒರಗಿತು. ತಂಗಿಗೆ ಫೋನ್ ಮಾಡಿದರೆ ಸಾಗವಾನಿ ಅಚ್ಚುಗಳು ಅವಳ ನಾದಿನಿಯ ಊರಿಗೆ ಹೋಗಿದ್ದವು. ಪೇಟೆ ಸುತ್ತಿದರೆ ಅಂಗಡಿಗಳಲ್ಲಿ ಸಕ್ಕರೆ ಗೊಂಬೆ ಖಾಲಿ.

"ಬರಿಗೈಲೆ ಹೋದ್ರ ಮಾನ ಹೋಗತೈತಿ," ಎಂದಳು ಗಂಗಾದೇವಿ.

"ಇವನ್ನ ಒಯ್ದ್ರ?"

"ಆಗೂ ಹೋಗತೈತಿ. ಆದ್ರ ತಾಟರೆ ತುಂಬಿರತೈತಿ."

ಬಸ್ಸಿನಲ್ಲಿ ಖಾನಾಪುರದ ತನಕ ಅವಳು ತಾಟನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತ ಕೂತಳು. ಹೊಸ ಬೀಗರ ಎದುರು ಇವಳ ತಲೆ ತಗ್ಗಿಸುವ ಹಾಗೆ ಮಾಡಿದೆನಲ್ಲ ಎಂದು ನನಗೆ ನಿಜಕ್ಕೂ ಸಂಕಟವಾಗುತ್ತಿತ್ತು. ಜೊತೆಗೆ ನಿದ್ದೆಯೂ ಬರುತ್ತಿತ್ತು.

ಸಾಕ್ಷಿಯ ತಾಯಿ ಪದ್ಮವ್ವ ತಾಟಿನ ಮೇಲಿನ ಬಟ್ಟೆ ಸರಿಸಿದರು. ಓಣಿಯ ಹೆಂಗಸರೆಲ್ಲ ಬಗ್ಗಿ ನೋಡಿದರು. ಪದ್ಮವ್ವ ಆನೆಯನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿದರು. ಆಮೇಲೆ ಅವರ ಮುಖ ಅರಳಿತು.

"ಸಣ್ಣ ಹುಡುಗರ ಕೈಲೆ ಮಾಡಿಸೀರಿ ಕಾಣತೈತಿ. ಭಾಳ ಛಂದ ಅದಾವ ಬಿಡ್ರಿ. ಮನ್ಯಾಗ ಕೂಸು ಐತೇನ್ರಿ?"

ಗಂಗಾದೇವಿ ಸೆರಗು ಸರಿಮಾಡಿಕೊಂಡಳು.

"ಒಂದ ಐತ್ರಿ. ಈ ಶ್ರಾವಣಕ್ಕ ಐವತ್ತೆಂಟು ತುಂಬಿತು."