ಗೆರೆ ಮುಟ್ಟಿದ ಕ್ಯಾನು

"ಕಿಡ್ನಿ ಕಾಯಿಲೆ ಅಂತೆ, ಕಾಯಿಲೆ! ಮೂವತ್ತು ವರ್ಷ ಹಾಲಿನ ಕೇಂದ್ರ ನಡೆಸಿದವನಿಗೆ ಎರಡು ಕಿಡ್ನಿ ನಡೆಸೋಕೆ ಬರಲ್ವಾ?" ಅಂತ ನಮ್ಮಣ್ಣ ಮೀಸೆ ತಿರುವಿದ. ತಿರುವೋಕೆ ಮೀಸೆ ಇರಲಿಲ್ಲ, ಅದು ಬೇರೆ ಮಾತು. ಚುಚ್ಚತ್ತೆ ಅಂತ ಅತ್ತಿಗೆ ಮದುವೆ ಆದ ವರ್ಷಾನೇ ಬೋಳಿಸಿಬಿಟ್ಟಿದ್ದಳು. ಇರಲಿ, ಎಲ್ಲಿದ್ದೆ? ಹಾಂ, ಕಿಡ್ನಿ.

ಎಲ್ಲಾ ಮಾಡ್ತಿದ್ದ ಕಣ್ರೇ ಅಣ್ಣ. ಉಪ್ಪು ಚಿಟಿಕೆ ಲೆಕ್ಕ. ನೀರು ದಿನಕ್ಕೆ ಒಂದೂವರೆ ಲೀಟರು, ಬಾಟಲಿ ಮೇಲೆ ಹೆಸರು ಬೇರೆ! ಆದರೆ ಯಾವುದು ಯಾಕೆ ಅಂತ ಮಾತ್ರ ಯಾರನ್ನೂ ಕೇಳ್ತಿರಲಿಲ್ಲ. ಕೇಳಿದ್ರೆ, ಗೊತ್ತಿಲ್ಲ ಅಂತ ಗೊತ್ತಾಗಿಬಿಡತ್ತಲ್ಲ!

ಒಂದು ಸಲ ಡಾಕ್ಟರಮ್ಮ ದೊಡ್ಡದೊಂದು ಪ್ಲಾಸ್ಟಿಕ್ ಕ್ಯಾನು ಕೊಟ್ಟು, "ಭಾನುವಾರ ಬೆಳಗ್ಗೆ ಮೊದಲನೇದು ಬಿಟ್ಟುಬಿಡಿ. ಆಮೇಲಿಂದ ಸೋಮವಾರ ಬೆಳಗ್ಗೆವರೆಗೂ ಮೂತ್ರ ಎಲ್ಲಾ ಇದಕ್ಕೇ ಹಾಕಿ ತನ್ನಿ. ನೋಡಿ, ಮಾತ್ರೆ ಸಾಕೋ, ಡಯಾಲಿಸಿಸ್ ಬಗ್ಗೆ ಯೋಚನೆ ಮಾಡ್ಬೇಕೋ ಹೇಳ್ತೀನಿ" ಅಂದ್ರು. ಆ ಮಾತು ಕೇಳಿದ್ದೇ ತಡ, ಅಣ್ಣ ಕ್ಯಾನನ್ನ ಎರಡೂ ಕೈಲಿ ತಬ್ಕೊಂಡ. ಎದುರುಮನೆಯವರು ವಾರಕ್ಕೆ ಮೂರು ದಿನ ಆ ಮೆಷಿನ್ ಪಕ್ಕ ಮಲಗಿ ಬರೋದನ್ನ ಕಣ್ಣಾರೆ ನೋಡಿದ್ದ.

ಭಾನುವಾರ ಸಾಯಂಕಾಲ ಕ್ಯಾನು ಎತ್ತಿ ಬೆಳಕಿಗೆ ಹಿಡಿದ. ನೋಡ್ತಾನೆ, ಮೂರು ಲೀಟರಿನ ಕಪ್ಪು ಗೆರೆ ಮೇಲೆಲ್ಲೋ ಇದೆ, ಇವನದ್ದು ತಳದಲ್ಲಿ ನಾಚ್ಕೊಂಡು ಕೂತಿದೆ! ಹಾಲಿನ ಕೇಂದ್ರದಲ್ಲಿ ಗೆರೆಗಿಂತ ಎರಡು ಬೆರಳು ಕೆಳಗಿದ್ರೂ ಕ್ಯಾನು ವಾಪಸ್ ಕಳಿಸ್ತಿದ್ದ ಮಹಾನುಭಾವ ಅವನು.

"ಲೇ, ಇದು ಗೆರೆ ಮುಟ್ಟಲ್ಲ ಕಣೇ! ತಗೊಳ್ಳಲ್ಲ ಅಂತಾರೆ!"

"ಕುಡಿಯೋದು ಒಂದೂವರೆ, ಕೊಡೋದು ಮೂರಾ? ಬಂದಷ್ಟು ಕೊಡಿ."

"ಗೆರೆ ಹಾಕಿರೋದು ಚಂದಕ್ಕಾ? ಕಮ್ಮಿ ಆದ್ರೆ ನನಗೆ ಮೆಷಿನ್ನೇ ಗತಿ. ಇನ್ನೊಂದು ಜಗ್ಗು ನೀರು ಕೊಡು!"

"ಒಂದು ತೊಟ್ಟೂ ಕೊಡಲ್ಲ!" ಅತ್ತಿಗೆ ಜಗ್ಗನ್ನೇ ಎತ್ತಿಟ್ಟಳು.

ಅಷ್ಟೊತ್ತಿಗೆ ಬಂದ ನೋಡಿ, ಅತ್ತಿಗೆಯ ತಮ್ಮ. ಆಳು ಬಾಗಿಲಷ್ಟಿದ್ದಾನೆ, ಮನಸ್ಸು ಮಾತ್ರ ಬೆಣ್ಣೆ. ಅಣ್ಣ ಅವನನ್ನ ಹಿತ್ತಲಿಗೆ ಎಳ್ಕೊಂಡು ಹೋಗಿ ಕಷ್ಟ ತೋಡಿಕೊಂಡ.

"ಭಾವ, ನಿಮಗೋಸ್ಕರ ಪ್ರಾಣ ಬೇಕಾದ್ರೂ ಕೊಡ್ತೀನಿ!"

"ಪ್ರಾಣ ನೀನೇ ಇಟ್ಕೊಳ್ಳಯ್ಯ. ಬಾತ್‌ರೂಮಿಗೆ ಹೋಗು."

ಹೋದ. ಎರಡು ಸಲ ಹೋದ. ಎರಡು ಲೋಟ ಕಾಫಿ ಕುಡಿದು ಮೂರನೇ ಸಲಾನೂ ಹೋದ. "ಏನೋ ಇವತ್ತು ನಿನಗೆ?" ಅಂತ ಅಕ್ಕ ಕೇಳಿದ್ದಕ್ಕೆ, "ಚಳಿ ಅಕ್ಕ" ಅಂದ, ಬೆವರು ಒರೆಸ್ಕೊಳ್ತಾ!

ಸೋಮವಾರ ಬೆಳಗ್ಗೆ ನೋಡಿದ್ರೆ ಕ್ಯಾನು ಗೆರೆ ಮುಟ್ಟಿ ನಿಂತಿದೆ! ಅಣ್ಣನಿಗೇ ಆಶ್ಚರ್ಯ. "ಎಂಥಾ ಧಾರಾಳಿ ನನ್ನ ಬಾಮೈದ!" ಅಂತ ಕ್ಯಾನನ್ನ ಕಣ್ಣಿಗೆ ಒತ್ಕೊಳ್ಳೋದೊಂದು ಬಾಕಿ. ಆಸ್ಪತ್ರೆ ತನಕ ಮಗು ಕೂರಿಸ್ಕೊಂಡ ಹಾಗೆ ತೊಡೆ ಮೇಲೆ ಇಟ್ಕೊಂಡು ಹೋದ.

ಗುರುವಾರ ಗಂಡ ಹೆಂಡತಿ ಇಬ್ಬರೂ ರಿಪೋರ್ಟಿಗೆ ಹೋದ್ರು. ಡಾಕ್ಟರಮ್ಮ ಕಾಗದ ನೋಡ್ತಾರೆ, ಅಣ್ಣನ ಮುಖ ನೋಡ್ತಾರೆ, ಕನ್ನಡಕ ಒರೆಸಿ ಮತ್ತೆ ಕಾಗದ ನೋಡ್ತಾರೆ.

"ನಿಮಗೆ ಕಿಡ್ನಿ ಎಷ್ಟು?"

"ಎ... ಎರಡೇ ಅಲ್ವಾ?"

"ರಕ್ತ ಹೇಳತ್ತೆ, ಎರಡೂ ಸುಸ್ತಾಗಿವೆ ಅಂತ. ಈ ಕ್ಯಾನು ಹೇಳತ್ತೆ, ನೀವು ಪೈಲ್ವಾನ್ ಅಂತ! ಇದನ್ನ ನಂಬಿ ನಿಮ್ಮ ಮಾತ್ರೆ ನಿಲ್ಲಿಸಿಬಿಟ್ಟಿದ್ರೆ? ನಿಜ ಹೇಳಿ, ಏನು ಮಾಡಿದ್ರಿ?"

ಅಣ್ಣ ನೆಲ ನೋಡ್ಕೊಂಡು ಎಲ್ಲಾ ಹೇಳಿದ. ಗೆರೆ, ಬಾಮೈದ, ಕಾಫಿ ಸಮೇತ.

"ಅಯ್ಯೋ! ಆ ಗೆರೆ ಅಳತೆಗೆ ರೀ, ಪಾಸಾಗೋಕಲ್ಲ! ಕಮ್ಮಿ ಬಂದ್ರೆ ಕಮ್ಮಿ. ನಿಮ್ಮ ಕಿಡ್ನಿ ಒಂದು ದಿನಕ್ಕೆ ಎಷ್ಟು ಕೆಲಸ ಮಾಡತ್ತೆ ಅಂತ ನೋಡೋಕೆ ನಾನು ಕ್ಯಾನು ಕೊಟ್ರೆ, ನೀವು ಇನ್ನೊಬ್ಬರ ಕೆಲಸ ತುಂಬಿಸ್ಕೊಂಡು ಬರೋದಾ?"

ಹೆದರ್ಬೇಡಿ, ಮುಂದಿಂದು ಈಗ್ಲೇ ಹೇಳಿಬಿಡ್ತೀನಿ, ನನ್ನ ಹೊಟ್ಟೇಲಿ ಮಾತು ನಿಲ್ಲಲ್ಲ. ಮುಂದಿನ ವಾರ ಅಣ್ಣ ತನ್ನದಷ್ಟೇ ಕೊಟ್ಟ, ಅರ್ಧ ಕ್ಯಾನೂ ಆಗಲಿಲ್ಲ. "ಡಯಾಲಿಸಿಸ್ ಸದ್ಯಕ್ಕೆ ಬೇಡ, ಉಪ್ಪು, ಮಾತ್ರೆ ಎರಡೂ ಹೀಗೇ ನೋಡ್ಕೊಂಡು ಹೋಗಿ" ಅಂದ್ರು. ಈಗಂತೂ ಒಂದೊಂದನ್ನೂ ಯಾಕೆ, ಯಾಕೆ ಅಂತ ಕೇಳಿ ಕೇಳಿ ಡಾಕ್ಟರಮ್ಮನೇ ಸುಸ್ತು!

ಆದ್ರೆ ಆವತ್ತು ಆ ರೂಮಲ್ಲಿ ಇನ್ನೊಂದು ಬಾಕಿ ಇತ್ತಲ್ಲ. ಅಷ್ಟು ಹೊತ್ತಿಗೆ ಅತ್ತಿಗೆ ಅಣ್ಣನನ್ನ ಹುರಿದು ಮುಕ್ಕಬೇಕಿತ್ತು. ಉಹುಂ, ಕೈಚೀಲದ ಹಿಡಿ ತಿರುವುತ್ತಾ ಕೂತಿದ್ದಳು.

"ಅಂತೂ ಒಟ್ಟು ನಾಲ್ಕು ಕಿಡ್ನಿ ಅನ್ನಿ," ಡಾಕ್ಟರಮ್ಮ ನಗು ತಡೆಯೋಕಾಗದೆ ಪೆನ್ನು ತಗೊಂಡ್ರು.

ಅತ್ತಿಗೆ ತಲೆ ಎತ್ತಲಿಲ್ಲ.

"ಆರು, ಡಾಕ್ಟರಮ್ಮ."